ಪೇಂಟಿಂಗೂ ಬೇಕು, ಮೆಡಿಕಲ್ಲೂ ಬೇಕು ಅನ್ನೋ ಮಗಳಿಗೆ ಅಮೆರಿಕದಲ್ಲಿ ಯಾವ ಕಾಲೇಜು?

ಮಗಳು ಹನ್ನೊಂದನೇ ಗ್ರೇಡಿನಲ್ಲಿದ್ದಾಳೆ, ಪೇಂಟಿಂಗ್ ಬಿಡಲ್ಲ ಅಂತಾಳೆ, ಡಾಕ್ಟರೂ ಆಗಬೇಕಂತೆ, ಎರಡನ್ನೂ ಸೇರಿಸಿ ಕಲಿಸುವ ಕಾಲೇಜು ಯಾವುದು ಅಂತ ಕೇಳಿದ್ದೀರಿ. ಎಂಟು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಕಂಡಕಂಡವರನ್ನೆಲ್ಲ ಕೇಳಿದ್ದೆ. ನನ್ನ ಮಗಳೀಗ ಮೆಡಿಕಲ್ ಸ್ಕೂಲಿನ ಎರಡನೇ ವರ್ಷದಲ್ಲಿದ್ದಾಳೆ. ಕಾಲೇಜಿನಲ್ಲಿ ಅವಳ ಮೇಜರ್, ಅಂದರೆ ಮುಖ್ಯ ವಿಷಯ, ಸ್ಟುಡಿಯೋ ಆರ್ಟ್ (ಚಿತ್ರಕಲೆಯಂಥದ್ದನ್ನು ಕೈಯಾರೆ ಮಾಡಿ ಕಲಿಯೋದು).

ಮೊದಲು ಒಂದು ಗೊಂದಲ ಬಿಡಿಸಿಬಿಡ್ತೀನಿ. ಪ್ರಿ-ಮೆಡ್ ಅನ್ನೋದು ನಮ್ಮ ಪಿಯುಸಿಯ ಪಿಸಿಎಂಬಿ ತರಹದ ಕಾಂಬಿನೇಷನ್ ಅಲ್ಲ, ಡಿಗ್ರಿಯೂ ಅಲ್ಲ. ಇಲ್ಲಿ ಡಿಗ್ರಿ ಮುಗಿಸಿದ ಮೇಲೆ ಸೇರುವ ಮೆಡಿಕಲ್ ಸ್ಕೂಲುಗಳು ಕೇಳುವ ಕೋರ್ಸುಗಳ ಪಟ್ಟಿ, ಅಷ್ಟೇ: ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಇವುಗಳ ಲ್ಯಾಬು, ಆಮೇಲೆ ಬಯೋಕೆಮಿಸ್ಟ್ರಿ, ಸ್ವಲ್ಪ ಇಂಗ್ಲಿಷು, ಸ್ಟ್ಯಾಟಿಸ್ಟಿಕ್ಸು, ಸೈಕಾಲಜಿ. ಇದನ್ನು ಮುಗಿಸಿ ಎಂಕ್ಯಾಟ್ (ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆ) ಬರೆದರೆ ಮೇಜರ್ ಯಾವುದಾದರೂ ನಡೆಯುತ್ತೆ. ದಾವಣಗೆರೆಯಲ್ಲಿರುವ ನಮ್ಮತ್ತೆಗೆ ಇದನ್ನು ಅರ್ಥ ಮಾಡಿಸೋಕೆ ಎರಡು ವರ್ಷ ಹಿಡಿಯಿತು. "ಚಿತ್ರ ಬರೆಯೋ ಹುಡುಗಿಗೆ ಯಾರಮ್ಮ ಮೆಡಿಕಲ್ ಸೀಟು ಕೊಡ್ತಾರೆ?" ಅಂತ ಪ್ರತಿ ಫೋನಿನಲ್ಲೂ ಕೇಳೋರು.

ಹಾಗಾಗಿ ಹೆಸರಿಗೆ ಎರಡೂ ಇರುವ ಕಾಲೇಜು ಎಲ್ಲೆಂದರಲ್ಲಿ ಸಿಗುತ್ತೆ. ನೀವು ನೋಡಬೇಕಾದದ್ದು ವೇಳಾಪಟ್ಟಿ. ನಾವು ನೋಡಲಿಲ್ಲ. ಕ್ಯಾಂಪಸ್ ಟೂರಿಗೆ ಹೋದಾಗ ಸ್ಟುಡಿಯೋದ ದೊಡ್ಡ ಕಿಟಕಿ ನೋಡಿ ಮರುಳಾದೆವು. ಸ್ಟುಡಿಯೋ ಕ್ಲಾಸು ಅಂದರೆ ಒಂದು ಗಂಟೆಯ ಪಾಠವಲ್ಲ, ಒಂದೊಂದು ಸಲ 3 ಗಂಟೆ, ವಾರಕ್ಕೆ ಎರಡು ಸಲ. ಕೆಮಿಸ್ಟ್ರಿ ಲ್ಯಾಬೂ ಮೂರ್ನಾಲ್ಕು ಗಂಟೆ. ಎರಡನ್ನೂ ಹೆಚ್ಚಾಗಿ ಮಧ್ಯಾಹ್ನವೇ ಇಡುತ್ತಾರೆ. ಎರಡನೇ ವರ್ಷ ಮಂಗಳವಾರ ಒಂದು ಗಂಟೆಗೆ ಆರ್ಗಾನಿಕ್ ಲ್ಯಾಬ್, ಅದೇ ಮಂಗಳವಾರ ಅದೇ ಒಂದು ಗಂಟೆಗೆ ಪೇಂಟಿಂಗ್. ಲ್ಯಾಬಿನ ಬೇರೆ ಬ್ಯಾಚುಗಳೆಲ್ಲ ಭರ್ತಿ. ಅಡ್ವೈಸರ್ "ಒಂದನ್ನು ಬಿಡು" ಅಂದರು. ಕಡೆಗೆ ಆರ್ಗಾನಿಕ್ಕನ್ನು ಬೇಸಿಗೆಗೆ ತಳ್ಳಿದಳು. ವರ್ಷದ ಪಾಠವನ್ನು ಎರಡು ತಿಂಗಳಲ್ಲಿ ನುಂಗಬೇಕು, ಫೀಸು ಬೇರೆ. ಆ ಬೇಸಿಗೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವ ಹಾಗಿರಲಿಲ್ಲ.

ಆದ್ದರಿಂದ ಹೀಗೆ ಮಾಡಿ. ಎಷ್ಟೋ ಕಾಲೇಜುಗಳು ಸೆಮಿಸ್ಟರಿನ ಕೋರ್ಸ್ ಪಟ್ಟಿಯನ್ನು ಲಾಗಿನ್ ಇಲ್ಲದೆಯೇ ನೋಡೋಕೆ ಬಿಡುತ್ತವೆ. ಮಗಳನ್ನೇ ಕೂರಿಸಿ, ಎರಡನೇ ವರ್ಷದ ಒಂದು ವಾರವನ್ನು ಕಾಗದದ ಮೇಲೆ ಬರೆಸಿ: ಆರ್ಗಾನಿಕ್, ಅದರ ಲ್ಯಾಬ್, ಇನ್ನೊಂದು ಸೈನ್ಸ್, ಒಂದು ಸ್ಟುಡಿಯೋ. ವಾರದೊಳಗೆ ಹಿಡಿಸಿದರೆ ಆ ಕಾಲೇಜನ್ನು ಪಟ್ಟಿಯಲ್ಲಿಡಿ.

ಇನ್ನೊಂದು, ಬಿಎ ಮತ್ತು ಬಿಎಫ್ಎ (ಬ್ಯಾಚಲರ್ ಆಫ್ ಫೈನ್ ಆರ್ಟ್ಸ್) ವ್ಯತ್ಯಾಸ. ಬಿಎಫ್ಎನಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಕಲೆಯೇ ಇರುತ್ತೆ. ಅದರ ಜೊತೆ ಪ್ರಿ-ಮೆಡ್ ಅಂದರೆ ನಾಲ್ಕು ವರ್ಷ ಸಾಲದು. ಆರ್ಟ್ ಬಿಎ ಆದರೆ ಉಸಿರಾಡೋಕೆ ಜಾಗ ಇರುತ್ತೆ. ಅಪ್ಪಟ ಆರ್ಟ್ ಸ್ಕೂಲಿಗೆ ಸೇರಿಸಿದರೆ ಆರ್ಗಾನಿಕ್ ಕೆಮಿಸ್ಟ್ರಿಯನ್ನು ಬೇರೆ ಕಾಲೇಜಿಗೆ ಹೋಗಿ ಓದಬೇಕಾಗಬಹುದು.

ಹೆಸರು ಕೇಳಿದ್ದೀರಿ, ಹೇಳ್ತೀನಿ. ಪ್ರಾವಿಡೆನ್ಸಿನಲ್ಲಿ ಬ್ರೌನ್ ಯೂನಿವರ್ಸಿಟಿ ಮತ್ತು ರಿಸ್ಡಿ (ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್, ಕಲಾ ಕಾಲೇಜು) ಸೇರಿ ನಡೆಸುವ ಐದು ವರ್ಷದ ಜೋಡಿ ಡಿಗ್ರಿ ಇದೆ. ಎರಡು ಕಡೆಯೂ ಅಡ್ಮಿಷನ್ ಸಿಗಬೇಕು, ಸೀಟು ತೀರಾ ಕಡಿಮೆ. ಸಿಗದಿದ್ದರೂ ಬ್ರೌನಿನ ಮಕ್ಕಳು ರಿಸ್ಡಿಯಲ್ಲಿ ಕೋರ್ಸು ತೆಗೆದುಕೊಳ್ಳಬಹುದು. ಒಂದೇ ಗುಡ್ಡದ ಮೇಲಿವೆ, ನಡೆದೇ ಹೋಗಬಹುದು. ಟಫ್ಟ್ಸ್‌ನಲ್ಲೂ ಐದು ವರ್ಷದ ಕಂಬೈನ್ಡ್ ಡಿಗ್ರಿ ಇದೆ. ಆದರೆ ಆರ್ಟ್ ಕ್ಯಾಂಪಸ್ ಬಾಸ್ಟನ್ನಿನಲ್ಲಿ, ಸೈನ್ಸ್ ಕ್ಲಾಸುಗಳು ಮೆಡ್‌ಫರ್ಡಿನಲ್ಲಿ, ನಡುವೆ ಬಸ್ಸು. ಕಾರ್ನೆಗಿ ಮೆಲನ್‌ನಲ್ಲಿ ಸೈನ್ಸನ್ನೂ ಕಲೆಯನ್ನೂ ಒಂದೇ ಡಿಗ್ರಿಯಲ್ಲಿ ಹೆಣೆದ ಬಿಎಸ್ಎ (ಬ್ಯಾಚಲರ್ ಆಫ್ ಸೈನ್ಸ್ ಅಂಡ್ ಆರ್ಟ್ಸ್) ಇದೆ. ನನ್ನನ್ನು ಕೇಳಿದರೆ, ನಿಮ್ಮ ರಾಜ್ಯದ ಸರ್ಕಾರಿ ಯೂನಿವರ್ಸಿಟಿಯಲ್ಲಿ ಒಳ್ಳೆ ಆರ್ಟ್ ವಿಭಾಗ ಇದ್ದರೆ ಅದನ್ನೇ ಮೊದಲು ನೋಡಿ. ಮುಂದೆ ಮೆಡಿಕಲ್ ಸ್ಕೂಲಿನ ಫೀಸು ಕಾದಿರುತ್ತೆ.

"ನಮ್ಮಲ್ಲಿ ಅರ್ಜಿ ಹಾಕಿದ 90 ಪರ್ಸೆಂಟ್ ಮಕ್ಕಳಿಗೆ ಮೆಡಿಕಲ್ ಸಿಗುತ್ತೆ" ಅಂತ ಯಾರಾದರೂ ಹೇಳಿದರೆ, ಕಮಿಟಿ ಲೆಟರ್ (ಮೆಡಿಕಲ್ ಅರ್ಜಿಗೆ ಕಾಲೇಜು ಬರೆದುಕೊಡುವ ಶಿಫಾರಸು ಪತ್ರ) ಎಲ್ಲರಿಗೂ ಕೊಡ್ತೀರಾ ಅಂತ ಕೇಳಿ. ಮಾರ್ಕ್ಸ್ ಕಡಿಮೆಯಿದ್ದವರಿಗೆ ಲೆಟರನ್ನೇ ಕೊಡದೆ ಆ ಲೆಕ್ಕ ಕಾಪಾಡಿಕೊಳ್ಳುವ ಕಾಲೇಜುಗಳಿವೆ. ಪೇಂಟಿಂಗಿನ ಎ ಗ್ರೇಡುಗಳು ಕಾಪಾಡುತ್ತವೆ ಅಂದುಕೊಳ್ಳಬೇಡಿ. ಅರ್ಜಿಯಲ್ಲಿ ಸೈನ್ಸ್ ಮತ್ತು ಮ್ಯಾಥ್ಸ್‌ನ ಜಿಪಿಎಯನ್ನು (ಗ್ರೇಡುಗಳ ಸರಾಸರಿ) ಬೇರೆಯಾಗಿ ಲೆಕ್ಕ ಹಾಕುತ್ತಾರೆ.

ಮಗಳಿಗೆ ನಿಜಕ್ಕೂ ಬೇಕಿರೋದು ರೋಗಿಗಳೋ, ದೇಹದ ರಚನೆಯನ್ನು ಬಿಡಿಸೋದೋ ಅಂತಲೂ ಒಮ್ಮೆ ಕೇಳಿ ನೋಡಿ. ಮೆಡಿಕಲ್ ಇಲಸ್ಟ್ರೇಷನ್ ಅಂತಲೇ ಒಂದು ವೃತ್ತಿ ಇದೆ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅದರ ವಿಭಾಗ ಶುರುವಾದದ್ದು 1911ರಲ್ಲಿ. ಅನಾಟಮಿಯ ಅಟ್ಲಾಸಿನಿಂದ ಹೆಸರಾದ ಫ್ರಾಂಕ್ ನೆಟ್ಟರ್ ಎಂಡಿ (ಅಮೆರಿಕದ ಡಾಕ್ಟರ್ ಡಿಗ್ರಿ) ಮಾಡಿದ್ದವರೇ, ಆದರೆ ಕೊನೆಗೆ ಕೈಹಿಡಿದದ್ದು ಕುಂಚ. ನನ್ನ ಮಗಳು ಈ ದಾರಿ ಬೇಡ ಅಂದಳು. ಅವಳಿಗೆ ಜನ ಬೇಕಿತ್ತು.

ನಿಮ್ಮ ಪ್ರಶ್ನೆಯಲ್ಲಿ ವೀಸಾ ವಿಷಯ ಇಲ್ಲ. ಮಗಳು ಎಚ್-4ನಲ್ಲಿದ್ದರೆ (ಅಪ್ಪ ಅಥವಾ ಅಮ್ಮನ ಕೆಲಸದ ವೀಸಾದ ಮೇಲೆ ಸಿಗುವ ವೀಸಾ) 21 ತುಂಬಿದ ಮೇಲೆ ಅದು ನಡೆಯಲ್ಲ, ಅದಕ್ಕೆ ಮುಂಚೆಯೇ ಎಫ್-1ಗೆ (ವಿದ್ಯಾರ್ಥಿ ವೀಸಾ) ಬದಲಾಯಿಸಬೇಕಾಗುತ್ತೆ. ಸಿಟಿಜನ್ ಅಲ್ಲದ, ಗ್ರೀನ್ ಕಾರ್ಡೂ ಇಲ್ಲದ ಮಕ್ಕಳ ಅರ್ಜಿಯನ್ನು ಎಷ್ಟೋ ಮೆಡಿಕಲ್ ಸ್ಕೂಲುಗಳು ತೆಗೆದುಕೊಳ್ಳುವುದೇ ಇಲ್ಲ. ತೆಗೆದುಕೊಳ್ಳುವ ಕೆಲವು ಕಡೆ ಹಲವು ವರ್ಷಗಳ ಫೀಸನ್ನು ಮುಂಚೆಯೇ ಕಟ್ಟಿಡಿ ಅನ್ನುತ್ತಾರೆ. ಹಾಗಿದ್ದರೆ ತಿಳಿಸಿ, ಆಗ ನಾನು ಹೇಳುವ ಕಾಲೇಜುಗಳ ಪಟ್ಟಿಯೇ ಬೇರೆ.