14 ಕೋರ್ ಇದ್ರೂ ಹೆಡ್‌ಫೋನಲ್ಲಿ ಪಟಪಟ ಯಾಕೆ?

ಪ್ರಶ್ನೆ: ಮನೇಲೇ ಭಾವಗೀತೆ ರೆಕಾರ್ಡ್ ಮಾಡ್ತೀನಿ, ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ. ಹೊಸ ಲ್ಯಾಪ್‌ಟಾಪ್ ತಗೊಂಡೆ, ಪ್ರೊಸೆಸರಿನಲ್ಲಿ 14 ಕೋರ್ (ಒಟ್ಟೊಟ್ಟಿಗೆ ಲೆಕ್ಕ ಮಾಡೋ ಘಟಕ) ಇದೆ. 30 ಟ್ರ್ಯಾಕ್ ಒಟ್ಟಿಗೆ ಪ್ಲೇ ಮಾಡಿದ್ರೂ ತೊಂದ್ರೆ ಇಲ್ಲ, ಆದ್ರೆ ಹಾಡೋಣ ಅಂತ ವೋಕಲ್ ಟ್ರ್ಯಾಕನ್ನ ರೆಕಾರ್ಡಿಗೆ ಆರ್ಮ್ (ಅಂದ್ರೆ ಸಜ್ಜು) ಮಾಡಿದ ತಕ್ಷಣ ಪಟಪಟ ಸದ್ದು ಶುರು. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಕಾಲು ಭಾಗನೂ ದಾಟಿಲ್ಲ. ಲ್ಯಾಪ್‌ಟಾಪೇ ಡಿಫೆಕ್ಟಾ?
– ಶಿವಮೊಗ್ಗದ ಓದುಗರು

ಉತ್ತರ: ಡಿಫೆಕ್ಟ್ ಇರಲಿಕ್ಕಿಲ್ಲ, ಅಂಗಡಿಗೆ ಓಡ್ಬೇಡಿ. ಟಾಸ್ಕ್ ಮ್ಯಾನೇಜರ್ ತೋರಿಸೋದು ಎಲ್ಲಾ ಕೋರ್‌ಗಳ ಸರಾಸರಿ, ಹಾಡಿಗೆ ಸರಾಸರಿ ಕಟ್ಕೊಂಡು ಏನೂ ಆಗ್ಬೇಕಿಲ್ಲ, ಅದಕ್ಕೆ ಬೇಕಿರೋದು ಗಡುವು. ಸೆಕೆಂಡಿಗೆ 48,000 ಸ್ಯಾಂಪಲ್ (ದನಿಯ ಅಳತೆ), ಬಫರ್ (ಒಂದು ಸಲಕ್ಕೆ ಲೆಕ್ಕಕ್ಕೆ ತಗೊಳ್ಳೋ ಸ್ಯಾಂಪಲ್‌ಗಳ ಕಂತೆ) 64 ಅಂತ ಇಟ್ಟಿದ್ರೆ ಹೆಚ್ಚುಕಮ್ಮಿ 1.33 ಮಿಲಿಸೆಕೆಂಡಿಗೊಂದು ಸಲ ಲೆಕ್ಕ ಮುಗಿಸಿ ಕೊಡ್ಲೇಬೇಕು, ಒಂದೇ ಒಂದು ಸಲ ತಪ್ಪಿದ್ರೂ ಕಿವಿಗೆ ಪಟ್ ಅಂತ ಬಡಿಯತ್ತೆ.

ಈಗ ವೋಕಲ್ ಟ್ರ್ಯಾಕ್ ನೋಡಿ: ಗೇಟ್, ಇಕ್ಯೂ, ಕಂಪ್ರೆಸರ್, ಪಿಚ್ ಕರೆಕ್ಷನ್, ರಿವರ್ಬ್ (ಪ್ರತಿಧ್ವನಿ), ಹೀಗೆ ದನಿ ತಿದ್ದೋ ಎಫೆಕ್ಟ್‌ಗಳು ಒಂದರ ಹಿಂದೊಂದು. ಹಿಂದಿನದು ಮುಗಿದ್ರೆ ತಾನೆ ಮುಂದಿನದು ಶುರು? ಬೇಳೆ ಬೇಯದೆ ಒಗ್ಗರಣೆ ಹಾಕೋಕಾಗಲ್ಲ, ಅಡುಗೆಮನೇಲಿ 14 ಜನ ಇದ್ರೂ ಅಷ್ಟೆ. ಹಾಗಾಗಿ ಆ ಇಡೀ ಸಾಲು ಒಂದೇ ಕೋರ್ ತಲೆ ಮೇಲೆ ಬೀಳತ್ತೆ, ಮಿಕ್ಕಿದ್ದು ಸುಮ್ನೆ ಕೂತಿರತ್ತೆ. ಮಾಸ್ಟರ್ ಟ್ರ್ಯಾಕ್ ಕಥೆನೂ ಇದೇ, ಎಲ್ಲಾ ಟ್ರ್ಯಾಕ್ ಬಂದು ಸೇರೋವರೆಗೆ ಅದು ಕಾಯ್ಬೇಕು.

ಪ್ಲೇ ಮಾಡುವಾಗ ಸರಿ ಇದ್ದಿದ್ದು ಆರ್ಮ್ ಮಾಡಿದಾಗ ಯಾಕೆ ಕೆಡ್ತು? ರೆಕಾರ್ಡ್ ಆಗಿರೋ ಟ್ರ್ಯಾಕ್‌ಗಳ ಲೆಕ್ಕನ ರೀಪರ್ ಸ್ವಲ್ಪ ಮುಂಚೆನೇ ಮಾಡಿ ಇಟ್ಕೊಳ್ಳತ್ತೆ. ನೀವು ಇನ್ನೂ ಹಾಡದೇ ಇರೋದನ್ನ ಮುಂಚೆ ಮಾಡೋದು ಹೇಗೆ ಹೇಳಿ! ಅದಕ್ಕೇ ಆ ಟ್ರ್ಯಾಕ್ ಪೂರ್ತಿ ಗಡುವಿನ ಬಾಯಿಗೆ.

ಇನ್ನೊಂದು ವಿಷ್ಯ. 2021ರ ಕೊನೇಲಿ ಬಂದ ಇಂಟೆಲ್ 12ನೇ ಜನರೇಷನ್ನಿಂದ ಈಚೆಗೆ ತುಂಬಾ ಚಿಪ್‌ಗಳಲ್ಲಿ ಎರಡು ಜಾತಿ ಕೋರ್ ಇರ್ತವೆ, ಜೋರಾಗಿ ಓಡೋ ಪಿ ಕೋರ್, ಕರೆಂಟ್ ಉಳಿಸೋ ಇ ಕೋರ್. 14 ಅಂದ್ರೆ ಹಲವು ಚಿಪ್‌ಗಳಲ್ಲಿ 6 ಪಿ, 8 ಇ. ನಿಮ್ಮ ವೋಕಲ್ ಸಾಲು ಇ ಕೋರ್ ಪಾಲಾದ್ರೆ ಕೆಲಸ ಕೆಟ್ಟಂಗೇ. ಚಾರ್ಜರ್ ಹಾಕಿ, ಪವರ್ ಮೋಡ್ ಬೆಸ್ಟ್ ಪರ್ಫಾರ್ಮೆನ್ಸ್‌ಗೆ ಇಡಿ, ಹಾಡುವಾಗ ಪಿಚ್ ಕರೆಕ್ಷನ್ ಮತ್ತೆ ಮಾಸ್ಟರ್ ಮೇಲಿನ ಲಿಮಿಟರ್ (ಸದ್ದು ಮಿತಿ ಮೀರದಂತೆ ತಡೆಯೋ ಎಫೆಕ್ಟ್) ಬೈಪಾಸ್ ಮಾಡಿ, ಅಂದ್ರೆ ಸದ್ಯಕ್ಕೆ ಆಫ್ ಮಾಡಿ, ಬಫರ್ 128 ಮಾಡಿ ನೋಡಿ. ಆಗ್ಲೂ ಪಟಪಟ ಅಂದ್ರೆ ವೈಫೈ ಆಫ್ ಮಾಡಿ, ಅದರ ಡ್ರೈವರ್ (ಅದನ್ನ ನಡೆಸೋ ಸಾಫ್ಟ್‌ವೇರ್) ನಡುವೆ ತಲೆ ಹಾಕಿ ಸಮಯ ತಿನ್ನೋದು ಮಾಮೂಲು. ಮುಂದಿನ ಸಲ ಕೊಳ್ಳುವಾಗ ಕೋರ್ ಎಷ್ಟು ಅಂತ ಕೇಳೋ ಮೊದ್ಲು ಸಿಂಗಲ್ ಕೋರ್ ಸ್ಪೀಡ್ ಕೇಳಿ, ಅಂಗಡಿಯೋರು ಮುಖ ಮುಖ ನೋಡ್ತಾರೆ, ನೋಡ್ಲಿ.

ಪ್ರಶ್ನೆ: ಇಂಟೆಲ್ ಮ್ಯಾಕ್‌ನಿಂದ ಎಂ ಸೀರೀಸ್ (ಆಪಲ್‌ನದೇ ಚಿಪ್, ಆಪಲ್ ಸಿಲಿಕಾನ್) ಮ್ಯಾಕ್‌ಗೆ ಹೋಗ್ಬೇಕು ಅಂತಿದೀನಿ. ಹಳೆ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೇರಿಸ್ಕೊಳ್ಳೋ ಎಫೆಕ್ಟ್, ವಾದ್ಯ) ನಡೆಯತ್ತಾ?
– ಬೆಂಗಳೂರಿನ ಓದುಗರು

ಉತ್ತರ: ನಡೆಯತ್ತೆ, ಸದ್ಯಕ್ಕೆ. ಇಂಟೆಲ್‌ಗೆ ಬರೆದ ಕೋಡನ್ನ ಆಪಲ್‌ನ ರೊಸೆಟಾ 2 ಅನ್ನೋ ಸಾಫ್ಟ್‌ವೇರ್ ಎಂ ಸೀರೀಸ್ ಚಿಪ್ಪಿಗೆ ಬದಲಾಯಿಸಿ ಕೊಡತ್ತೆ, ಸ್ವಲ್ಪ ಸ್ಪೀಡ್ ಹೋಗತ್ತೆ ಅಷ್ಟೆ. ತಲೆನೋವು ಬೇರೆ ಕಡೆ: ಒಂದೇ ಪ್ರೋಸೆಸ್ (ಓಡ್ತಿರೋ ಪ್ರೋಗ್ರಾಮ್) ಒಳಗೆ ಇಂಟೆಲ್ ಕೋಡು, ಎಂ ಸೀರೀಸ್ ಕೋಡು ಎರಡೂ ಸೇರಲ್ಲ. ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳಲ್ಲಿ ಲಾಜಿಕ್ ಪ್ರೋ ಹಳೆ ಪ್ಲಗಿನ್ನನ್ನ ಹೊರಗೆ ಬೇರೆಯಾಗಿ ಓಡಿಸತ್ತೆ, ಏಬಲ್ಟನ್ ಲೈವ್‌ನಲ್ಲಾದ್ರೆ ಇಡೀ ಸಾಫ್ಟ್‌ವೇರನ್ನೇ ರೊಸೆಟಾದಲ್ಲಿ ತೆರೀಬೇಕು, ಆಗ ಹೊಸ ಚಿಪ್ ತಗೊಂಡ ಲಾಭ ಅರ್ಧ ಹೋಯ್ತು. ರೊಸೆಟಾ ಪೂರ್ತಿಯಾಗಿ ಇರೋದು ಮ್ಯಾಕ್‌ಓಎಸ್ 27ರವರೆಗೆ ಮಾತ್ರ ಅಂತ ಆಪಲ್ 2025ರಲ್ಲೇ ಹೇಳಿದೆ. ಪ್ಲಗಿನ್ ಪಟ್ಟಿ ಮಾಡಿ, ಒಂದೊಂದಕ್ಕೂ ಆಪಲ್ ಸಿಲಿಕಾನ್ ವರ್ಷನ್ ಇದೆಯಾ ನೋಡ್ಕೊಂಡು ಆಮೇಲೆ ದುಡ್ಡು ಬಿಚ್ಚಿ.

ಪ್ರಶ್ನೆ: ಹಳೆ ಪೆಂಟಿಯಮ್ 4ನಲ್ಲಿ ಹಾಡು ನಿಂತ ಮೇಲೆ ಸಿಪಿಯು ಏರ್ತಿತ್ತು, ಯಾಕೆ?
– ಧಾರವಾಡದ ಓದುಗರು

ಉತ್ತರ: ಒಳ್ಳೆ ನೆನಪು! ರಿವರ್ಬ್ ಬಾಲ ಸಣ್ಣಗಾಗ್ತಾ ಆಗ್ತಾ ಸೊನ್ನೆ ಹತ್ರ ಹೋಗತ್ತಲ್ಲ, ಆ ಅತಿ ಚಿಕ್ಕ ಸಂಖ್ಯೆಗಳನ್ನ ಡೀನಾರ್ಮಲ್ ಅಂತಾರೆ. ಅವುಗಳ ಲೆಕ್ಕದಲ್ಲಿ ಪೆಂಟಿಯಮ್ 4 ವಿಪರೀತ ನಿಧಾನ. ಈಗಿನ ಪ್ಲಗಿನ್‌ಗಳು ಅಷ್ಟು ಚಿಕ್ಕದಾದ್ರೆ ಸೊನ್ನೆ ಅಂತಲೇ ತಗೋ ಅಂತ ಪ್ರೊಸೆಸರಿಗೆ ಮೊದ್ಲೇ ಹೇಳಿಬಿಡ್ತವೆ.