ಪತ್ರದ ಎರಡನೆಯ ಪುಟ

(ಗುರುತು ಸಿಗದಂತೆ ಹೆಸರು ಮತ್ತು ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಲು ನನ್ನ ಬಳಿ ಬಂದ ಶಾರದಾ ಕೈಚೀಲದಿಂದ ತೆಗೆದ ಪತ್ರ ಮಡಿಕೆಯ ಗೆರೆಯಲ್ಲಿ ಹರಿಯುವ ಹಾಗಿತ್ತು. ಅಷ್ಟು ಸಲ ಬಿಚ್ಚಿ ಓದಿದ್ದರು. ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ವೆಚ್ಚ ಭರಿಸಲಾಗದು ಎಂದು ವಿಮಾ ಕಂಪನಿ ಬರೆದಿತ್ತು.

"ಸಾಲ ಮಾಡುವುದೆಂದು ತೀರ್ಮಾನಿಸಿಬಿಟ್ಟಿದ್ದೇನೆ. ನಮ್ಮ ಯಜಮಾನರಿಗೆ ಹೇಳುವಷ್ಟು ಧೈರ್ಯ ಬಂದರೆ ಸಾಕು" ಎಂದರು.

ಕಾರಣ ಏನು ಕೊಟ್ಟಿದ್ದಾರೆ ಎಂದು ಕೇಳಿದೆ. "ನನ್ನ ಬಾಯಿಚಪಲಕ್ಕೆ ಅವರೇಕೆ ದುಡ್ಡು ಕೊಡಬೇಕು ಅಂತ." ಪತ್ರದಲ್ಲಿ ಅಂಥ ಮಾತೇ ಇರಲಿಲ್ಲ. ಅದು ಅವರ ಅಣ್ಣ ವರ್ಷಗಳಿಂದ ಆಡುತ್ತಾ ಬಂದ ಮಾತೆಂದು ಆಮೇಲೆ ತಿಳಿಯಿತು. ಇಂಥ ಪತ್ರವನ್ನು ತಮ್ಮ ಮೇಲಿನ ತೀರ್ಪೆಂದು ಓದಿಕೊಳ್ಳುವವರನ್ನು ನಾನು ಬಹಳ ನೋಡಿದ್ದೇನೆ. ಹಾಗೆ ಓದಿದವರು ಪುಟ ತಿರುವುವುದಿಲ್ಲ.

ಎರಡನೆಯ ಪುಟವನ್ನು ಇಬ್ಬರೂ ಸೇರಿ ಓದಿದೆವು. ವೈದ್ಯರ ನಿಗಾದಲ್ಲಿ ತೂಕ ಇಳಿಸಲು ಪ್ರಯತ್ನಿಸಿದ ದಾಖಲೆ ಇಲ್ಲ, ನಿದ್ರಾ ಪರೀಕ್ಷೆಯ ವರದಿ ಲಗತ್ತಿಸಿಲ್ಲ, ಮೇಲ್ಮನವಿಗೆ ಇಂಥ ದಿನ ಕಡೆ. ಶಾರದಾ ಅವರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 38. ಮಧುಮೇಹ ಬಂದು ಆರು ವರ್ಷ. ರಾತ್ರಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಬೇರೆ. ಈ ಶಸ್ತ್ರಚಿಕಿತ್ಸೆಗೆ 1991ರಿಂದ ವೈದ್ಯರು ಹಿಡಿದಿದ್ದ ಅಳತೆ, ಬಿಎಂಐ 40, ಇಲ್ಲವೇ 35ರ ಜೊತೆಗೆ ಇಂಥ ಕಾಯಿಲೆ. 2022ರಲ್ಲಿ ಈ ಶಸ್ತ್ರಚಿಕಿತ್ಸಕರ ಸಂಘಗಳು ಅದನ್ನು ಸಡಿಲಿಸಿ, 35 ಇದ್ದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಮಾಡಬಹುದು ಎಂದವು. ಹಳೆಯ ಅಳತೆಯಲ್ಲೇ ಇವರು ಅರ್ಹರು.

ಪಾಲಿಸಿಯಲ್ಲೇ ಬೊಜ್ಜಿನ ಚಿಕಿತ್ಸೆಯನ್ನು ಹೊರಗಿಟ್ಟಿದ್ದರೆ ಮೇಲ್ಮನವಿಯಿಂದ ಹೆಚ್ಚೇನೂ ಆಗದು. ಕಾಗದ ಸಾಲದೆ ನಿರಾಕರಿಸಿದ್ದರೆ ಕಾಗದ ಒದಗಿಸಬೇಕು, ಅಷ್ಟೇ. ಚಿಕಿತ್ಸೆ ಏಕೆ ಅಗತ್ಯ ಎಂದು ವೈದ್ಯರಿಂದ ಪತ್ರ ಬರೆಸಿ, ಅದರಲ್ಲಿ ತೂಕಕ್ಕಿಂತ ಕಾಯಿಲೆಯ ವಿವರ ಹೆಚ್ಚಿರಲಿ ಎಂದೆ. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆ) ವರದಿಗಳು, ಹಿಂದೆ ಪಟ್ಟ ಪ್ರಯತ್ನಗಳ ದಿನಾಂಕಗಳು, ನಿದ್ರಾ ಪರೀಕ್ಷೆಯ ವರದಿ, ಎಲ್ಲ ಸೇರಿಸಿ ಕಳುಹಿಸಿ ಸ್ವೀಕೃತಿ ಪಡೆಯಿರಿ. ಉತ್ತರ ಬರುವವರೆಗೆ ಸಾಲದ ಅರ್ಜಿಗೆ ಸಹಿ ಬೇಡ.

ಆದರೂ ಸ್ವಂತ ಹಣದಲ್ಲೇ ಮಾಡಿಸಬೇಕಾಗಿ ಬಂದರೆ? ಅವರ ಡೈರಿಯಲ್ಲಿ ಒಂದೇ ಮೊತ್ತ ಇತ್ತು, ಆಸ್ಪತ್ರೆ ಹೇಳಿದ್ದು. ಅದರ ಕೆಳಗೆ ಒಂದೊಂದಾಗಿ ಬರೆಸಿದೆ. ಮುಂಚಿನ ಪರೀಕ್ಷೆಗಳು, ಸಂಬಳವಿಲ್ಲದ ರಜೆ, ಬದುಕಿರುವವರೆಗೂ ನುಂಗಬೇಕಾದ ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಆಗಾಗ ರಕ್ತ ಪರೀಕ್ಷೆ. ಹೊಲಿಗೆಯಲ್ಲಿ ಸೋರಿಕೆಯಾಗಿ ಮತ್ತೆ ದಾಖಲಾದರೆ ಅದರ ಬಿಲ್ಲು ಪ್ಯಾಕೇಜಿನೊಳಗೋ ಹೊರಗೋ? ಇದನ್ನು ಬರವಣಿಗೆಯಲ್ಲೇ ಕೇಳಿ ಎಂದೆ. ದೂರದೂರಿನಲ್ಲಿ ಅಗ್ಗಕ್ಕೆ ಮಾಡಿಸುವ ಯೋಚನೆಯೂ ಅವರಿಗಿತ್ತು. ಹತ್ತನೆಯ ದಿನ ಜ್ವರ ಬಂದರೆ ಯಾರ ಬಾಗಿಲು ತಟ್ಟುತ್ತೀರಿ ಎಂದು ಕೇಳಿದಾಗ ಸುಮ್ಮನಾದರು. ತೂಕ ಇಳಿಸುವ ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಬಹುಪಾಲನ್ನು ಕತ್ತರಿಸಿ ತೆಗೆಯುತ್ತಾರೆ, ಮತ್ತೆ ಜೋಡಿಸಲು ಬರುವುದಿಲ್ಲ.

ಸಾಲದ ಕರಪತ್ರವನ್ನೂ ತಂದಿದ್ದರು. ಮೊದಲ ಕೆಲವು ತಿಂಗಳು ಬಡ್ಡಿಯಿಲ್ಲ ಎಂದು ದಪ್ಪಕ್ಷರದಲ್ಲಿತ್ತು. ಅಷ್ಟರೊಳಗೆ ಪೂರ್ತಿ ತೀರದಿದ್ದರೆ ಮೊದಲ ದಿನದಿಂದಲೇ ಬಡ್ಡಿ ಎಂಬುದು ಇರುವೆ ಸಾಲಿನಂಥ ಅಕ್ಷರದಲ್ಲಿ. ನನ್ನ ಕನ್ನಡಕಕ್ಕೂ ಅದು ಸುಲಭಕ್ಕೆ ಸಿಗಲಿಲ್ಲ.

ಗಂಡನಿಗೆ ಹೇಳದೆ ಇದು ನಡೆಯುವ ಕೆಲಸವೂ ಅಲ್ಲ. ಶಸ್ತ್ರಚಿಕಿತ್ಸೆಯ ನಂತರ ವಾರಗಟ್ಟಲೆ ದ್ರವಾಹಾರ, ಆಮೇಲೆ ಮೆತ್ತಗಿನ ಆಹಾರ. ಒಂದೇ ಮನೆಯಲ್ಲಿ ಇದ್ದುಕೊಂಡು ಮುಚ್ಚಿಡುವುದು ಹೇಗೆ? ನಿರ್ಧಾರವನ್ನು ಹೇಳುವ ಬದಲು ಪತ್ರವನ್ನೇ ಅವರ ಕೈಗೆ ಕೊಡಿ ಎಂದೆ.

ಮುಂದಿನ ವಾರ ಇಬ್ಬರೂ ಬಂದರು. ಹಣದ ಮಾತನ್ನೇ ಮೊದಲು ಎತ್ತುತ್ತಾರೆಂದು ನಾನು ಕಾದಿದ್ದೆ. ಶಾರದಾ ಅವರ ಯಜಮಾನರು ಬಹಳ ಹೊತ್ತು ಪತ್ರ ನೋಡುತ್ತಾ ಕುಳಿತು, "ರಾತ್ರಿ ಇವಳ ಉಸಿರು ನಿಂತಾಗ ನಾನು ಎಣಿಸುತ್ತಾ ಮಲಗಿರುತ್ತೇನೆ. ಮೊನ್ನೆ ಇಪ್ಪತ್ತೆಂಟರವರೆಗೆ ಎಣಿಸಿದೆ" ಎಂದರು. ಶಾರದಾ ತಿರುಗಿ ನೋಡಿದರು. ಅವರಿಗೆ ಅದು ಗೊತ್ತೇ ಇರಲಿಲ್ಲ.

ನಿದ್ರಾ ತಜ್ಞರ ಬಳಿ ಹೋಗುವಾಗ ನೀವೂ ಜೊತೆಗೆ ಹೋಗಿ, ಇದನ್ನು ಹೀಗೆಯೇ ಹೇಳಿ ಎಂದೆ. ಮೇಲ್ಮನವಿ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ. ಸಾಲದ ಅರ್ಜಿ ಸಹಿಯಿಲ್ಲದೆ ನನ್ನ ಕಡತದಲ್ಲಿದೆ. ಇಲ್ಲೇ ಇರಲಿ ಎಂದು ಅವರೇ ಬಿಟ್ಟುಹೋದರು.