ಬಸ್ಸು ಬಂದಾಗ ಉಸಿರಾಟದ ಪಾಠ ಬೇಡ

ಶಿರಸಿ ಹತ್ತಿರದ ಹಳ್ಳಿಯಿಂದ ಒಬ್ಬ ತಾಯಿ ಬರೆದಿದ್ದಾರೆ. ಮಗಳಿಗೆ ಒಂಬತ್ತು ವರ್ಷ. ಶಾಲೆಯ ಬಸ್ಸು ಬರುವ ಹೊತ್ತಿಗೆ ಹೊಟ್ಟೆನೋವು, ಅಳು, ಒಮ್ಮೊಮ್ಮೆ ವಾಂತಿ. ರಜೆಯಲ್ಲಿ ಏನೂ ಇಲ್ಲ. ಡಾಕ್ಟರು ಪರೀಕ್ಷಿಸಿ, ಹೊಟ್ಟೆಯಲ್ಲಿ ದೋಷವಿಲ್ಲ, ಇದು ಹೆದರಿಕೆ ಎಂದಿದ್ದಾರೆ. ವಿಡಿಯೊ ನೋಡಿ ಹೇಳಿಕೊಟ್ಟ ಉಸಿರಾಟದ ಅಭ್ಯಾಸ ಕೆಲಸ ಮಾಡಿಲ್ಲ. ಭಾವನವರು ‘ಎಲ್ಲ ನಾಟಕ’ ಅನ್ನುತ್ತಾರಂತೆ.

ಕೊನೆಯಲ್ಲಿ ಒಂದು ಸಾಲು ಬರೆದು ಬಿಟ್ಟಿದ್ದೀರಿ: ‘ದೊಡ್ಡದಾಗಿ ಉಸಿರು ತಗೋ ಅಂದರೆ ತಲೆ ತಿರುಗ್ತದೆ, ಬೆರಳು ಜುಮ್ ಅಂತದೆ ಅಂತಾಳೆ.’ ಅಮ್ಮಾ, ಮಗು ನಿಮಗೆ ಕಾರಣವನ್ನೇ ಹೇಳಿದ್ದಾಳೆ. ಹೆದರಿದ ಮಗು ಮೊದಲೇ ಬೇಗಬೇಗ ಉಸಿರಾಡುತ್ತಿರುತ್ತದೆ. ಅದರ ಮೇಲೆ ದೊಡ್ಡ ದೊಡ್ಡ ಉಸಿರು ಎಳೆದರೆ ರಕ್ತದಲ್ಲಿನ ಇಂಗಾಲದ ಡೈ ಆಕ್ಸೈಡ್ ಇಳಿಯುತ್ತದೆ. ತಲೆಸುತ್ತು, ಜುಮುಗುಡುವಿಕೆ ಅದರಿಂದಲೇ. ಅದಕ್ಕೆ ಅವಳು ಇನ್ನೂ ಹೆದರುತ್ತಾಳೆ. ನಾಟಕವಲ್ಲ. ಭಾವನವರಿಗೆ ಇದನ್ನು ಖಡಾಖಂಡಿತ ಹೇಳಿ; ನೋವನ್ನು ಸುಳ್ಳು ಎಂದರೆ ಮಗು ನಾಳೆಯಿಂದ ಹೇಳುವುದನ್ನೇ ಬಿಡುತ್ತದೆ.

ಮಾಡಬೇಕಾದದ್ದು ಒಂದೇ: ಎರಡು ವಾರ ಬೆಳಿಗ್ಗೆ ಉಸಿರಿನ ಮಾತೇ ಬೇಡ, ರಾತ್ರಿ ಮಲಗುವಾಗ ಅಭ್ಯಾಸ ಮಾಡಿಸಿ. ಹೆದರಿಕೆ ಏರಿದ ಮೇಲೆ ಹೊಸದು ಯಾವುದೂ ತಲೆಗೆ ಹೋಗುವುದಿಲ್ಲ. ಅಂಗಾತ ಮಲಗಿಸಿ ಹೊಕ್ಕುಳ ಮೇಲೆ ಒಂದು ಹಿಡಿ ಅಕ್ಕಿ ಕಟ್ಟಿದ ಬಟ್ಟೆಗಂಟು ಇಡಿ. ಮೂಗಿನಿಂದ ಮೂರು ಎಣಿಸುವಷ್ಟು ಸಾಮಾನ್ಯ ಉಸಿರು. ಗಂಟು ಮೇಲೇಳಬೇಕು, ಭುಜ ಏಳಬಾರದು. ಬಿಸಿ ಗಂಜಿ ಆರಿಸುವಂತೆ ತುಟಿ ಸಣ್ಣ ಮಾಡಿ ಐದು ಎಣಿಸುವಷ್ಟು ಹೊತ್ತು ಹೊರಗೆ ಬಿಡಬೇಕು. ಎದೆಬಡಿತ ಇಳಿಯುವುದು ಬಿಡುವ ಉಸಿರಿನಲ್ಲಿ, ಎಳೆಯುವುದರಲ್ಲಲ್ಲ. ಆರೇಳು ಸಲ ಸಾಕು. ತಲೆ ತಿರುಗಿದರೆ ಎಳೆಯುವುದು ಹೆಚ್ಚಾಯಿತೆಂದು ತಿಳಿದು ನಿಲ್ಲಿಸಿ. ಆಮೇಲೆ ಎರಡೂ ಮುಷ್ಟಿ ಐದು ಸೆಕೆಂಡು ಬಿಗಿಹಿಡಿದು ಹತ್ತು ಸೆಕೆಂಡು ಸಡಿಲ. ಭುಜ, ಕಾಲ್ಬೆರಳಿಗೂ ಹಾಗೆಯೇ. ಜತೆಗೆ ನೀವೂ ಮಲಗಿ ಮಾಡಿ. ಪಕ್ಕದಲ್ಲಿ ನಿಂತು ‘ಸರಿಯಾಗಿ ಮಾಡು’ ಅಂದರೆ ಅದೂ ಒಂದು ಪರೀಕ್ಷೆಯಾಗುತ್ತದೆ.

ಮೂರನೇ ವಾರ ಬಸ್ಸಿಗೆ ಹತ್ತು ನಿಮಿಷ ಮೊದಲು ಜಗಲಿಯಲ್ಲಿ ಕೂತು ಮೂರೇ ಉಸಿರು. ಹೊಟ್ಟೆನೋವು ಪೂರ್ತಿ ಹೋಗಲಿಕ್ಕಿಲ್ಲ, ಆದರೂ ಶಾಲೆಗೆ ಕಳಿಸಿ. ಮನೆಯಲ್ಲೇ ಉಳಿಸಿಕೊಂಡರೆ ಹೆದರಿಕೆ ಬಲಿಯುತ್ತದೆ. ಶಾಲೆಯಲ್ಲಿ ಯಾರಾದರೂ ಪೀಡಿಸುತ್ತಿದ್ದಾರೆಯೇ ಎಂದು ರಾತ್ರಿಯ ಆ ಹೊತ್ತಿನಲ್ಲೇ ಮೆಲ್ಲಗೆ ಕೇಳಿ; ಹೌದೆಂದರೆ ಮೊದಲು ಟೀಚರನ್ನು ಕಾಣಿ, ಅದು ಉಸಿರಾಟದಿಂದ ಬಗೆಹರಿಯುವುದಲ್ಲ. ತೂಕ ಇಳಿದರೆ, ನಿದ್ದೆಯಿಂದ ಏಳಿಸುವಷ್ಟು ನೋವು ಬಂದರೆ ಮತ್ತೆ ಮಕ್ಕಳ ಡಾಕ್ಟರಿಗೆ ತೋರಿಸಿ. ತಿಂಗಳಾದರೂ ಬದಲಾವಣೆ ಕಾಣದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.